ಈ ಮಾತು ಯಾವಾಗ ಸುಳ್ಳಾಗುತ್ತದೆ? ಆಡುವ ವಾಕ್ಯವನ್ನು ತರ್ಕದ ಚಿಹ್ನೆಗೆ ಇಳಿಸುವ ದಾರಿ

ಟ್ರೂತ್ ಟೇಬಲ್, ಅಂದರೆ ಹೇಳಿಕೆ ಯಾವಾಗ ನಿಜ, ಯಾವಾಗ ಸುಳ್ಳು ಅಂತ ಸಾಲುಸಾಲಾಗಿ ತೋರಿಸುವ ಪಟ್ಟಿ, ಬಾಯಿಪಾಠ ಆಗಿರುತ್ತದೆ. ಚಿಹ್ನೆಗಳ ಹೆಸರೂ ಗೊತ್ತಿರುತ್ತದೆ. ಒಂದು ಸಾದಾ ವಾಕ್ಯ ಕೊಟ್ಟು "ಇದನ್ನು ಚಿಹ್ನೆಯಲ್ಲಿ ಬರಿ" ಅಂದ ಕೂಡಲೇ ಪೆನ್ನು ನಿಂತುಬಿಡುತ್ತದೆ. ಕೊಪ್ಪಳದಲ್ಲಿ ಸಂಜೆ ಹೊತ್ತು ಬಿಸಿಎ ಹುಡುಗರಿಗೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಪಾಠ ಹೇಳುವಾಗ ನಾನು ಜಾಸ್ತಿ ನೋಡುವುದು ಇದನ್ನೇ.

ಕಾರಣ ಇಷ್ಟೇ. ಎಲ್ಲರೂ ವಾಕ್ಯದಲ್ಲಿ ಪದ ಹುಡುಕುತ್ತಾರೆ. "ಮತ್ತು" ಸಿಕ್ಕರೆ ಒಂದು ಚಿಹ್ನೆ, "ಅಥವಾ" ಸಿಕ್ಕರೆ ಇನ್ನೊಂದು. ಆದರೆ ನಮ್ಮ ಭಾಷೆಯಲ್ಲಿ ಅರ್ಧ ತರ್ಕ ಕ್ರಿಯಾಪದದ ಬಾಲದಲ್ಲೇ ಅಡಗಿರುತ್ತದೆ. "ಬಂದರೆ", "ಬಂದರೂ", "ಬಾರದೆ" ಇವುಗಳಲ್ಲಿ ಹುಡುಕಲು ಬೇರೆ ಪದವೇ ಇಲ್ಲ. ಆದ್ದರಿಂದ ಪದ ಹುಡುಕುವುದನ್ನು ಬಿಡಿ. ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ ಹಾಕಿ: ಯಾವ ಪರಿಸ್ಥಿತಿಯಲ್ಲಿ ಈ ಮಾತು ಹೇಳಿದವನನ್ನು "ಸುಳ್ಳು ಹೇಳಿದೆ" ಅಂತ ಹಿಡಿಯಬಹುದು?

ಚಿಹ್ನೆಗಳನ್ನೂ ಇದೇ ಪ್ರಶ್ನೆಯಿಂದ ನೆನಪಿಡಿ. ಹೇಳಿಕೆಗಳ ಜಾಗದಲ್ಲಿ ಕನ್ನಡ ಅಕ್ಷರಗಳನ್ನೇ ಬಳಸೋಣ.

¬ಮ ಅಂದರೆ ಮ ಅಲ್ಲ. ಮ ನಿಜವಾದರೆ ಇದು ಸುಳ್ಳು.
ಮ ∧ ನ ಅಂದರೆ ಎರಡೂ ಹೌದು. ಒಂದು ತಪ್ಪಿದರೂ ಸುಳ್ಳು.
ಮ ∨ ನ ಅಂದರೆ ಕನಿಷ್ಠ ಒಂದು ಹೌದು. ಎರಡೂ ತಪ್ಪಿದರೆ ಮಾತ್ರ ಸುಳ್ಳು.
ಮ → ನ ಅಂದರೆ ಮ ಆದರೆ ನ. ಇದನ್ನು ಬಾಣ ಅನ್ನೋಣ. ಸುಳ್ಳಾಗುವುದು ಒಂದೇ ಕಡೆ: ಎಡಗಡೆಯದು ನಡೆಯಿತು, ಬಲಗಡೆಯದು ನಡೆಯಲಿಲ್ಲ.
ಮ ↔ ನ ಅಂದರೆ ಎರಡು ಕಡೆಗೂ ಬಾಣ. ಒಂದು ನಿಜವಾಗಿ ಇನ್ನೊಂದು ಸುಳ್ಳಾದಾಗ ಇದು ಸುಳ್ಳು.

ಹೆಜ್ಜೆ 1: ಇದು ಹೇಳಿಕೆಯೇ ನೋಡಿ

"ಹೊಸಪೇಟೆ ಬಸ್ ಎಷ್ಟೊತ್ತಿಗೆ?" ಇದು ಪ್ರಶ್ನೆ. "ಅಬ್ಬಾ, ರಾಯಚೂರಿನ ಬಿಸಿಲೇ!" ಇದು ಉದ್ಗಾರ. "ಬಾಗಿಲು ಹಾಕು" ಇದು ಆಜ್ಞೆ. ಇವುಗಳಲ್ಲಿ ನಿಜ-ಸುಳ್ಳಿನ ಮಾತೇ ಇಲ್ಲ, ಹಾಗಾಗಿ ಬಿಟ್ಟುಬಿಡಿ. ಆದರೆ ಆಜ್ಞೆಯ ವೇಷದಲ್ಲಿ ಹೇಳಿಕೆ ಬರುವುದುಂಟು. "ಚಿಲ್ಲರೆ ಕೊಡ್ರಿ, ಇಲ್ಲಾಂದ್ರೆ ಇಳೀರಿ" ಅಂತ ಕಂಡಕ್ಟರ್ ಅಂದರೆ ಅದರ ಒಳಗಿರುವುದು "ಚಿಲ್ಲರೆ ಕೊಡದಿದ್ದರೆ ಇಳಿಯಬೇಕಾಗುತ್ತದೆ" ಅನ್ನುವ ಮಾತು. ಅದನ್ನು ¬ಚ → ಇ ಎಂದು ಬರೆಯಬಹುದು. ಚ ∨ ಇ ಅಂತ ಬರೆದರೂ ಅದೇ.

ಹೆಜ್ಜೆ 2: ತುಂಡು ಮಾಡಿ, ಹೆಸರಿಡಿ

ವಾಕ್ಯವನ್ನು ಇನ್ನು ಒಡೆಯಲಾಗದಷ್ಟು ಸಣ್ಣ ಹೇಳಿಕೆಗಳಾಗಿ ಒಡೆಯಿರಿ. ಒಂದೊಂದಕ್ಕೂ ಒಂದು ಅಕ್ಷರ. ಈ ಪಟ್ಟಿಯನ್ನು ಉತ್ತರದ ಮೇಲೆಯೇ ಬರೆಯಿರಿ. ಸುಮ್ನೆ ಮನಸ್ಸಲ್ಲಿಟ್ಟುಕೊಂಡರೆ ನಡುವೆ ಅಕ್ಷರ ಅದಲುಬದಲಾಗುತ್ತದೆ.

"ಮ = ಮಳೆ" ಅಂತ ಬರೆದರೆ ತಪ್ಪು. ಮಳೆ ಅನ್ನುವುದು ನಿಜವೂ ಅಲ್ಲ, ಸುಳ್ಳೂ ಅಲ್ಲ. "ಮ = ಈ ವಾರ ಮಳೆ ಆಗುತ್ತದೆ" ಎಂದು ಪೂರ್ತಿ ಬರೆಯಿರಿ. ಅಕ್ಷರ ಯಾವಾಗಲೂ "ಹೌದು" ಅನ್ನುವ ವಾಕ್ಯಕ್ಕೇ ಇರಲಿ, "ಇಲ್ಲ" ಅನ್ನುವುದನ್ನು ¬ ನೋಡಿಕೊಳ್ಳುತ್ತದೆ. ನಾವು ಕರ್ತೃವನ್ನು ಬಿಟ್ಟು ಮಾತಾಡುತ್ತೇವೆ, "ಬಂದ, ಉಂಡ, ಹೋದ" ಅಂತ. ಬರೆಯುವಾಗ ಯಾರು ಅನ್ನುವುದನ್ನು ಸೇರಿಸಿಕೊಳ್ಳಿ.

ಇನ್ನೊಂದು ಎಚ್ಚರ. ಎರಡು ಮಾತು ಒಂದೇ ಹಾಗೆ ಕಂಡರೂ ಒಂದೇ ಅಕ್ಷರ ಕೊಡಬೇಡಿ. "ಕಾಲುವೆಗೆ ನೀರು ಬಿಟ್ಟರು", "ನಮ್ಮ ಹೊಲಕ್ಕೆ ನೀರು ಮುಟ್ಟಿತು" ಇವೆರಡೂ ಒಂದೇ ಅಂತ ಪರೀಕ್ಷೆಯ ಗಡಿಬಿಡಿಯಲ್ಲಿ ಅನಿಸಬಹುದು. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ರಾಯಚೂರು ಕಡೆಗೆ 200 ಕಿಲೋಮೀಟರಿಗೂ ಜಾಸ್ತಿ ಹರಿಯುತ್ತದೆ. ಕೊನೆ ಭಾಗದ ರೈತರನ್ನು ಕೇಳಿ ನೋಡಿ, ಬಿಟ್ಟದ್ದು ಬೇರೆ, ಮುಟ್ಟಿದ್ದು ಬೇರೆ ಅನ್ನುವುದನ್ನು ಅವರು ಚೆನ್ನಾಗಿ ಹೇಳುತ್ತಾರೆ. ಒಂದು ನಿಜವಾಗಿ ಇನ್ನೊಂದು ಸುಳ್ಳಾಗಲು ಸಾಧ್ಯವಿದ್ದರೆ ಅಕ್ಷರ ಎರಡು ಬೇಕು.

ಹೆಜ್ಜೆ 3: "ಮತ್ತು" ಬಳಗ

ಇದು ಸುಲಭ. "ಶರಣಪ್ಪನೂ ಈರಣ್ಣನೂ ಗಂಗಾವತಿಗೆ ಹೋದರು" ಅಂದರೆ ಶ ∧ ಈ. "ಊ" ಎರಡು ಸಲ ಬಂದರೆ ಸಾಕು, "ಮತ್ತು" ಬೇಕಿಲ್ಲ. "ಆದರೆ", "ಜೊತೆಗೆ", "ಅಷ್ಟೇ ಅಲ್ಲ" ಎಲ್ಲವೂ ∧ ಆಗುತ್ತವೆ. "ಮಳೆ ಬಂತು, ಆದರೆ ಕೆರೆ ತುಂಬಲಿಲ್ಲ" ಅಂದರೆ ಮ ∧ ¬ಕ. ಅದರಲ್ಲಿರುವ ಬೇಜಾರು ಚಿಹ್ನೆಗೆ ಬರುವುದಿಲ್ಲ. ಮಳೆ ಬಂದು ಕೆರೆ ತುಂಬದೇ ಇದ್ದರೆ ಮಾತು ನಿಜ, ಬೇಜಾರಾಗಲಿ ಬಿಡಲಿ.

ಆದರೆ ಇದೇ "ಆದರೆ" ನಮ್ಮ ಕಡೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. "ಮಳೆ ಆದರೆ ಬಿತ್ತುತ್ತೇವೆ" ಅನ್ನುವಾಗ ಅದು ∧ ಅಲ್ಲ, ಬಾಣ. ಮಳೆ ಆಗೇ ಇಲ್ಲ ಅಂದುಕೊಳ್ಳಿ, ಆಗ ಹೇಳಿದವನು ಸುಳ್ಳುಗಾರನೇ? ಅಲ್ಲ ಅಲ್ವಾ. ಹಾಗಾದರೆ ∧ ಆಗಲು ಸಾಧ್ಯವಿಲ್ಲ.

"ಶರಣಪ್ಪ ಮತ್ತು ಈರಣ್ಣ ಬೀಗರು" ಅನ್ನುವುದರಲ್ಲಿ "ಮತ್ತು" ಇದೆ, ∧ ಇಲ್ಲ. "ಶರಣಪ್ಪ ಬೀಗ", "ಈರಣ್ಣ ಬೀಗ" ಅಂತ ಒಡೆದರೆ ಯಾರಿಗೆ ಬೀಗ ಅನ್ನುವುದೇ ಹೋಗುತ್ತದೆ. ಪೂರ್ತಿ ವಾಕ್ಯಕ್ಕೆ ಒಂದೇ ಅಕ್ಷರ ಕೊಡಿ.

"ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡ" ಅನ್ನುವುದನ್ನು ಬ ∧ ಕ ಎಂದು ಬರೆಯುತ್ತೇವೆ. ಮೊದಲು ಯಾವುದು, ಯಾವುದರಿಂದ ಯಾವುದು ಅನ್ನುವುದು ಉಳಿಯುವುದಿಲ್ಲ. ಕ ∧ ಬ ಬರೆದರೂ ತರ್ಕಕ್ಕೆ ಅಷ್ಟೇ.

ಹೆಜ್ಜೆ 4: "ಅಥವಾ"

"ಬಸ್ಸಿಗೋ ರೈಲಿಗೋ ಬರುತ್ತಾನೆ" ಅನ್ನುವಲ್ಲಿ ಎರಡು "ಓ"ಗಳೇ ∨. ಇಲ್ಲಿ ಬರುವ ತಕರಾರು ಒಂದೇ: ಎರಡೂ ಆದರೆ? ತರ್ಕದ ∨ ಎರಡೂ ಆಗುವುದನ್ನು ಒಪ್ಪುತ್ತದೆ. ಇದು ಪುಸ್ತಕದ ಹಟ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371ಜೆ ವಿಧಿಯನ್ನೇ ನೋಡಿ. ನಮ್ಮ ಕಲ್ಯಾಣ ಕರ್ನಾಟಕ ಭಾಗದ ಕಾಲೇಜು ಸೀಟುಗಳಲ್ಲಿ ಮೀಸಲಾತಿ ಯಾರಿಗೆ ಅನ್ನುವಲ್ಲಿ ಹುಟ್ಟಿನಿಂದ ಅಥವಾ ವಾಸದಿಂದ ಈ ಪ್ರದೇಶಕ್ಕೆ ಸೇರಿದವರು ಎಂದಿದೆ. ಬಳ್ಳಾರಿಯಲ್ಲೇ ಹುಟ್ಟಿ ಬಳ್ಳಾರಿಯಲ್ಲೇ ಬೆಳೆದ ಹುಡುಗಿಗೆ "ನಿನಗೆ ಎರಡೂ ಇದೆ, ಆದ್ದರಿಂದ ಇಲ್ಲ" ಅನ್ನಲು ಆಗುತ್ತದೆಯೇ? ಹ ∨ ವ ಇರುವುದೇ ಹೀಗೆ.

ಹೋಟೆಲಿನಲ್ಲಿ "ಊಟಕ್ಕೆ ಮಜ್ಜಿಗೆ ಅಥವಾ ಮೊಸರು" ಅಂದರೆ ಮಾತು ಬೇರೆ. ಎರಡೂ ಕೇಳಿದರೆ ಬಿಲ್ ಜಾಸ್ತಿ ಆಗುತ್ತದೆ. ಅಲ್ಲಿ (ಮ ∨ ಸ) ∧ ¬(ಮ ∧ ಸ) ಎಂದು ಉದ್ದಕ್ಕೆ ಬರೆಯಬೇಕು. ವಾಕ್ಯದಲ್ಲಿ "ಎರಡರಲ್ಲಿ ಒಂದು ಮಾತ್ರ" ಅನ್ನುವ ಸುಳಿವು ಸ್ಪಷ್ಟವಾಗಿ ಇಲ್ಲದಿದ್ದರೆ ಪರೀಕ್ಷೆಯಲ್ಲಿ ಸಾದಾ ∨ ಬರೆಯಿರಿ.

ಹೆಜ್ಜೆ 5: ಬಾಣ

ಅಂಕ ಹೋಗುವುದು ಇಲ್ಲೇ. ಅದಕ್ಕೇ ನಿಧಾನಕ್ಕೆ ಹೋಗೋಣ. ಒಂದೇ ಜೋಡಿ ಇಟ್ಟುಕೊಂಡು ಬಾಲ ಮಾತ್ರ ಬದಲಾಯಿಸುತ್ತಾ ಹೋಗುತ್ತೇನೆ.

ನ = ಈ ಸಲ ನಮ್ಮ ಹೊಲಕ್ಕೆ ಕಾಲುವೆ ನೀರು ಮುಟ್ಟುತ್ತದೆ.
ಭ = ಈ ಸಲ ನಾವು ಭತ್ತ ಹಚ್ಚುತ್ತೇವೆ.

"ನೀರು ಮುಟ್ಟಿದರೆ ಭತ್ತ ಹಚ್ಚುತ್ತೇವೆ." ಇದು ಯಾವಾಗ ಸುಳ್ಳು? ನೀರು ಮುಟ್ಟಿತು, ಭತ್ತ ಹಚ್ಚಲಿಲ್ಲ. ಆಗ ಮಾತ್ರ. ನೀರು ಮುಟ್ಟಲಿಲ್ಲ, ಬೋರ್‌ವೆಲ್ ನಂಬಿ ಹಚ್ಚಿದರು ಅಂದುಕೊಳ್ಳಿ. ಹೇಳಿದ ಮಾತಿಗೆ ಏನೂ ಆಗಲಿಲ್ಲ. ಆದ್ದರಿಂದ ನ → ಭ.

"ನೀರು ಮುಟ್ಟಿದರೆ ಮಾತ್ರ ಭತ್ತ ಹಚ್ಚುತ್ತೇವೆ." ಈಗ ಯಾವಾಗ ಸುಳ್ಳು? ನೀರು ಮುಟ್ಟದೇ ಹಚ್ಚಿಬಿಟ್ಟರೆ. ನೀರು ಮುಟ್ಟಿಯೂ ಆಳು ಸಿಗದೆ ಹಚ್ಚಲಿಲ್ಲ ಅಂದರೆ ಸುಳ್ಳಲ್ಲ. ಸುಳ್ಳಾಗುವ ಜಾಗ ¬ನ ∧ ಭ. ಬಾಣದ ಎಡಗಡೆ ನಡೆದದ್ದು ಕೂರಬೇಕು, ಬಲಗಡೆ ತಪ್ಪಿದ್ದು ಕೂರಬೇಕು. ಹಾಗಾಗಿ ಭ → ನ. "ಮಾತ್ರ" ಸೇರಿದ ಕೂಡಲೇ ಬಾಣ ತಿರುಗಿತು. ವಾಕ್ಯದಲ್ಲಿ ಮೊದಲು ಬಂದದ್ದನ್ನು ಮೊದಲು ಬರೆಯುವ ಚಟ ಇರುವವರು ಇಲ್ಲಿ ಎಡವುತ್ತಾರೆ.

"ಮುಟ್ಟಿದರಷ್ಟೇ ಹಚ್ಚುತ್ತೇವೆ", "ಮುಟ್ಟದೆ ಹಚ್ಚುವುದಿಲ್ಲ", "ಮುಟ್ಟದ ಹೊರತು ಹಚ್ಚುವುದಿಲ್ಲ", "ಮುಟ್ಟದಿದ್ದರೆ ಹಚ್ಚುವುದಿಲ್ಲ" ಇವೆಲ್ಲ ಸುಳ್ಳಾಗುವುದು ಅದೇ ಒಂದು ಜಾಗದಲ್ಲಿ. ಆದ್ದರಿಂದ ಎಲ್ಲಕ್ಕೂ ಭ → ನ ಸಾಕು. ಕೊನೆಯದನ್ನು ಇದ್ದ ಹಾಗೇ ¬ನ → ¬ಭ ಎಂದು ಬರೆದರೂ ಸರಿ, ಎರಡೂ ಒಂದೇ. ಇದಕ್ಕೆ ಕಾಂಟ್ರಾಪಾಸಿಟಿವ್ ಅನ್ನುತ್ತಾರೆ. ಎರಡು ಕಡೆಯನ್ನೂ ಅದಲುಬದಲು ಮಾಡಿ, ಎರಡಕ್ಕೂ ¬ ಹಚ್ಚಿದರೆ ಅರ್ಥ ಕೆಡುವುದಿಲ್ಲ. ಒಂದನ್ನೇ ಮಾಡಿದರೆ ಕೆಡುತ್ತದೆ.

ಅದಲುಬದಲು ಒಂದನ್ನೇ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಬಸ್ಸೇ ಉದಾಹರಣೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಕರ್ನಾಟಕದ ಮಹಿಳೆ ಸರ್ಕಾರಿ ಸಾದಾ ಬಸ್ಸಿನಲ್ಲಿ ರಾಜ್ಯದೊಳಗೆ ಹೋದರೆ ಟಿಕೆಟ್ ಹಣ ಕೊಡಬೇಕಿಲ್ಲ. ಸಾದಾ ಬಸ್ಸಿನ ಮಟ್ಟಿಗೆ ಇದನ್ನು ಮ → ಉ ಅನ್ನೋಣ (ಮ = ಕೂತವರು ಮಹಿಳೆ, ಉ = ಅವರ ಪ್ರಯಾಣ ಉಚಿತ). ಹಾಗಂತ "ಹಣ ಕೊಡದೆ ಕೂತವರೆಲ್ಲ ಮಹಿಳೆಯರು", ಅಂದರೆ ಉ → ಮ, ಅನ್ನಲಾಗುವುದಿಲ್ಲ. ಯೋಜನೆಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರೂ ಇದ್ದಾರೆ. ಅಮ್ಮನ ತೊಡೆ ಮೇಲೆ ಕೂತ ಪುಟ್ಟ ಗಂಡುಮಗುವಿಗೂ ಟಿಕೆಟ್ ಇಲ್ಲ.

ಈಗ "ರೂ" ನೋಡಿ. ನನಗೆ ಬಹಳ ಇಷ್ಟದ ಭಾಗ ಇದು. "ನೀರು ಮುಟ್ಟಿದರೂ ಭತ್ತ ಹಚ್ಚುವುದಿಲ್ಲ" ಅಂತ ಮುಂದಿನ ಮಾತಾಗಿ ಹೇಳಿದರೆ ಅರ್ಥ ಏನು? ಮುಟ್ಟದಿದ್ದರಂತೂ ಇಲ್ಲ, ಮುಟ್ಟಿದರೂ ಇಲ್ಲ. ಭತ್ತ ಹಚ್ಚಿದ ಕ್ಷಣ ಮಾತು ಸುಳ್ಳಾಯಿತು, ನೀರಿನ ಸಂಗತಿ ಏನೇ ಇರಲಿ. ಹಾಗಾದರೆ ಉತ್ತರ ಬರೀ ¬ಭ. ಬಾಣವೇ ಬೇಡ. ಅದೇ "ನೀರು ಮುಟ್ಟಿದರೂ ಭತ್ತ ಹಚ್ಚಲಿಲ್ಲ" ಅಂತ ನಡೆದುಹೋದ ಮಾತಾದರೆ, ನೀರು ಮುಟ್ಟಿದ್ದು ನಿಜ ಅಂತಲೂ ಹೇಳಿದಂತಾಯಿತು. ಅದು ನ ∧ ¬ಭ. ಎರಡು ವಾಕ್ಯಕ್ಕೂ ಇರುವ ವ್ಯತ್ಯಾಸ "ವುದಿಲ್ಲ", "ಲಿಲ್ಲ" ಅಷ್ಟೇ.

"ನೀರು ಮುಟ್ಟಿದ್ದರಿಂದ ಭತ್ತ ಹಚ್ಚಿದೆವು" ಅನ್ನುವುದಕ್ಕೆ ಬಾಣ ಹಾಕಬೇಡಿ. ಎರಡೂ ನಡೆದಿವೆ, ನ ∧ ಭ. "ರಿಂದ" ಅನ್ನುವ ಕಾರಣವನ್ನು ಈ ತರ್ಕ ಹಿಡಿದಿಡಲಾರದು. "ನೀರು ಮುಟ್ಟಿದ್ದರೆ ಹಚ್ಚುತ್ತಿದ್ದೆವು" ಅನ್ನುವುದಂತೂ ಇಲ್ಲಿಗೆ ಒಗ್ಗುವುದೇ ಇಲ್ಲ. ನೀರು ಮುಟ್ಟಲಿಲ್ಲ ಅನ್ನುವುದು ಅದರಲ್ಲೇ ಇದೆ. ಎಡಗಡೆ ಸುಳ್ಳಾದರೆ ಬಾಣ ತಾನಾಗಿ ನಿಜ. ಆಗ "ಮುಟ್ಟಿದ್ದರೆ ಹಚ್ಚುತ್ತಿರಲಿಲ್ಲ" ಅನ್ನುವುದೂ ನಿಜ ಆಗಿಬಿಡುತ್ತದೆ! ಅಂಥ ವಾಕ್ಯ ಸಿಕ್ಕರೆ ಪೂರ್ತಿಗೆ ಒಂದೇ ಅಕ್ಷರ ಕೊಟ್ಟು ಮುಂದೆ ಹೋಗಿ.

↔ ನಿತ್ಯದ ಮಾತಿನಲ್ಲಿ ಅಪರೂಪ. ವ್ಯಾಖ್ಯೆಗಳಲ್ಲಿ ಸಿಗುತ್ತದೆ. ತುಂಗಭದ್ರಾ ಡ್ಯಾಂ ಪೂರ್ತಿ ತುಂಬಿದ ಮಟ್ಟ 1633 ಅಡಿ. "ನೀರು 1633 ಅಡಿಗೆ ಬಂದರೆ ಡ್ಯಾಂ ತುಂಬಿದಂತೆ" ಅನ್ನುವುದು ಎರಡು ಕಡೆಗೂ ಓಡುವ ಮಾತು. ಉಳಿದ ಕಡೆ ↔ ಬರೆಯುವ ಆಸೆ ಆದರೆ ಎರಡೂ ಬಾಣ ನಿಜವಾಗಿ ವಾಕ್ಯದಲ್ಲಿವೆಯೇ ಅಂತ ಬೇರೆ ಬೇರೆ ಕೇಳಿಕೊಳ್ಳಿ.

ಹೆಜ್ಜೆ 6: "ಇಲ್ಲ" ಎಷ್ಟು ದೂರ ಹೋಗುತ್ತದೆ

"ಇಬ್ಬರೂ ಬರಲಿಲ್ಲ" ಅಂದರೆ ಸಾಮಾನ್ಯವಾಗಿ ಯಾರೂ ಬರಲಿಲ್ಲ ಅಂತಲೇ, ¬ಶ ∧ ¬ಈ. "ಇಬ್ಬರೂ ಬಂದರು ಅನ್ನುವುದು ಸುಳ್ಳು" ಅಂದರೆ ಹಾಗಲ್ಲ. ಒಬ್ಬ ಬಂದಿರಬಹುದು. ಅದು ¬(ಶ ∧ ಈ), ಬಿಡಿಸಿದರೆ ¬ಶ ∨ ¬ಈ. ಆವರಣವನ್ನು ಬಿಡಿಸುವಾಗ ∧ ಹೋಗಿ ∨ ಆಗುತ್ತದೆ ಅನ್ನುವ ಈ ನಿಯಮಕ್ಕೆ ಡಿ ಮಾರ್ಗನ್ ಹೆಸರಿದೆ. ಅಂದಹಾಗೆ ಆ ಇಂಗ್ಲಿಷ್ ಗಣಿತಜ್ಞ ಹುಟ್ಟಿದ್ದು ನಮ್ಮ ಪಕ್ಕದ ತಮಿಳುನಾಡಿನ ಮದುರೈಯಲ್ಲಿ, 1806ರಲ್ಲಿ.

ಈ ನಿಯಮ ತಲೆಗೆ ಹೋಗದಿದ್ದರೆ ಡ್ಯಾಂ ನೆನೆಸಿಕೊಳ್ಳಿ. ತುಂಗಭದ್ರಾ ಡ್ಯಾಮಿಗೆ 33 ಕ್ರೆಸ್ಟ್ ಗೇಟುಗಳು, ಅಂದರೆ ನೀರು ಹೊರಬಿಡುವ ಮೇಲ್ಭಾಗದ ಗೇಟುಗಳು. "ಎಲ್ಲ ಗೇಟೂ ಗಟ್ಟಿ ಇವೆ" ಅನ್ನುವುದು 33 ಹೇಳಿಕೆಗಳನ್ನು ∧ ಇಂದ ಪೋಣಿಸಿದ ಮಾತು. 2024ರ ಆಗಸ್ಟ್ 10ರ ರಾತ್ರಿ ಚೈನು ಕಡಿದು ಕೊಚ್ಚಿಹೋದದ್ದು 19ನೇ ಗೇಟು ಒಂದೇ. ಉಳಿದ 32 ನಿಂತಿದ್ದವು. ಆದರೂ ಮಾತು ಸುಳ್ಳಾಯಿತು. "ಎಲ್ಲವೂ ಗಟ್ಟಿ ಅನ್ನುವುದು ಸುಳ್ಳು" ಅಂದರೆ "ಒಂದಾದರೂ ಗಟ್ಟಿ ಇಲ್ಲ", ಅಷ್ಟೇ.

ಬಾಣಕ್ಕೆ "ಇಲ್ಲ" ಹಚ್ಚುವಾಗಲೂ ಎಚ್ಚರ ಬೇಕು. "ಮುಟ್ಟಿದರೆ ಹಚ್ಚುತ್ತೇವೆ ಅಂದದ್ದು ಸುಳ್ಳು" ಅನ್ನುವುದನ್ನು ನ → ¬ಭ ಎಂದು ಬರೆಯುವವರೇ ಜಾಸ್ತಿ. ಆ ಮಾತು ಸುಳ್ಳಾಗುವ ಜಾಗ ಯಾವುದು ಅಂತ ಮೇಲೆ ನೋಡಿದೆವಲ್ಲ? ಅದೇ ಉತ್ತರ: ನ ∧ ¬ಭ.

ಹೆಜ್ಜೆ 7: ಉದ್ದ ವಾಕ್ಯ, ಆವರಣ

ತುಂಗಭದ್ರೆಯ ನೀರು ಯಾವಾಗ, ಎಷ್ಟು ಬಿಡಬೇಕು ಅಂತ ನೀರಾವರಿ ಸಲಹಾ ಸಮಿತಿ, ಎಲ್ಲರ ಬಾಯಲ್ಲಿ ಐಸಿಸಿ, ಸಭೆ ಸೇರಿ ತೀರ್ಮಾನಿಸುತ್ತದೆ. ಅಂಥ ಪ್ರಕಟಣೆಯ ಧಾಟಿಯಲ್ಲಿ ನಾನೇ ಒಂದು ವಾಕ್ಯ ಕಟ್ಟಿದ್ದೇನೆ:

"ಜಲಾಶಯದಲ್ಲಿ ಸಾಕಷ್ಟು ನೀರಿದ್ದು ಐಸಿಸಿ ಒಪ್ಪಿದರೆ ಮಾತ್ರ ಎರಡನೇ ಬೆಳೆಗೆ ನೀರು ಬಿಡಲಾಗುವುದು, ಇಲ್ಲವಾದರೆ ಕುಡಿಯಲು ಮಾತ್ರ ಬಿಡಲಾಗುವುದು."

ಸ = ಸಾಕಷ್ಟು ನೀರಿದೆ. ಒ = ಐಸಿಸಿ ಒಪ್ಪುತ್ತದೆ. ಎ = ಎರಡನೇ ಬೆಳೆಗೆ ನೀರು ಬಿಡುತ್ತಾರೆ. ಕ = ಕುಡಿಯಲು ನೀರು ಬಿಡುತ್ತಾರೆ.

ಮೊದಲ ಅರ್ಧದಲ್ಲಿ "ಮಾತ್ರ" ಇದೆ, ಬಾಣ ತಿರುಗುತ್ತದೆ: ಎ → (ಸ ∧ ಒ).

ಎರಡನೇ ಅರ್ಧದ "ಇಲ್ಲವಾದರೆ" ಯಾವುದಕ್ಕೆ "ಇಲ್ಲ" ಅನ್ನುತ್ತಿದೆ? ಎರಡೂ ಸೇರಿದ ಷರತ್ತಿಗೆ. ಆದ್ದರಿಂದ ¬(ಸ ∧ ಒ). ಇದನ್ನು ¬ಸ ∧ ¬ಒ ಎಂದು ಬರೆದರೆ, ನೀರಿದೆ ಆದರೆ ಸಮಿತಿ ಒಪ್ಪಲಿಲ್ಲ ಅನ್ನುವ ಪರಿಸ್ಥಿತಿಗೆ ಪ್ರಕಟಣೆಯಲ್ಲಿ ಉತ್ತರವೇ ಇಲ್ಲದಂತಾಗುತ್ತದೆ. ಬಲಗಡೆಯ "ಕುಡಿಯಲು ಮಾತ್ರ"ದಲ್ಲಿ ಎರಡು ಮಾತಿವೆ. ಕುಡಿಯಲು ಉಂಟು, ಬೆಳೆಗೆ ಇಲ್ಲ: ಕ ∧ ¬ಎ. ಈ "ಮಾತ್ರ" ಬಾಣದ್ದಲ್ಲ, "ರೆ" ಜೊತೆ ಬಂದಿಲ್ಲ ನೋಡಿ.

ಸೇರಿಸಿದರೆ: (ಎ → (ಸ ∧ ಒ)) ∧ (¬(ಸ ∧ ಒ) → (ಕ ∧ ¬ಎ)).

ನಾಲ್ಕು ಅಕ್ಷರ ಅಂದರೆ ಟ್ರೂತ್ ಟೇಬಲ್ 16 ಸಾಲು. ಎಲ್ಲ ಬರೆಯಬೇಕಿಲ್ಲ. ಅನುಮಾನ ಇರುವ ಒಂದೆರಡು ಸಾಲು ಆರಿಸಿ ಕೇಳಿ. ನೀರಿದೆ, ಸಮಿತಿಯೂ ಒಪ್ಪಿತು, ಆದರೂ ಬೆಳೆಗೆ ಬಿಡಲಿಲ್ಲ. ಪ್ರಕಟಣೆ ಸುಳ್ಳೇ? ಚಿಹ್ನೆಯಲ್ಲಿ ಎರಡು ಬಾಣದ ಎಡಗಡೆಯೂ ಸುಳ್ಳು, ಹಾಗಾಗಿ ಪೂರ್ತಿ ನಿಜ. ಓದಿದ ರೈತ ಮಾತ್ರ "ಕೊಡ್ತೀವಿ ಅಂದಿದ್ರಲ್ಲ" ಅನ್ನುತ್ತಾನೆ. ಅವನು ↔ ಓದಿಕೊಂಡಿದ್ದಾನೆ. ನನ್ನ ಅಭಿಪ್ರಾಯ ಕೇಳಿದರೆ ಅವನು ಓದಿದ್ದೂ ಅಸಹಜ ಅಲ್ಲ. ಆದರೆ ಬರೆದವರು ಒಪ್ಪಿಕೊಂಡದ್ದು ಒಂದೇ ಬಾಣಕ್ಕೆ. ಪರೀಕ್ಷೆಯಲ್ಲೂ ಬರೆದಷ್ಟಕ್ಕೇ ಅಂಕ.

ಪ್ರಶ್ನೆ ಇಂಗ್ಲಿಷಿನಲ್ಲಿದ್ದರೆ

ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ, ಆಮೇಲೆ ಸುಳ್ಳಿನ ಪ್ರಶ್ನೆ ಹಾಕಿ. "ಯು ಕ್ಯಾನ್ ವೋಟ್ ಓನ್ಲಿ ಇಫ್ ಯುವರ್ ನೇಮ್ ಈಸ್ ಆನ್ ದ ರೋಲ್" ಅಂದರೆ "ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ಮತ", ಅದು ಮ → ಪ. "ಇಫ್" ಕಂಡ ಕೂಡಲೇ ಅದರ ಮುಂದಿರುವುದನ್ನು ಎಡಗಡೆಗೆ ತಂದರೆ "ಓನ್ಲಿ ಇಫ್" ಕೈಕೊಡುತ್ತದೆ. "ಅನ್‌ಲೆಸ್" ಬಂದರೆ "ದಿದ್ದರೆ" ಎಂದು ಓದಿಕೊಳ್ಳಿ. "ನೀದರ್ ನಾರ್" ಬಂದರೆ "ಇದೂ ಇಲ್ಲ, ಅದೂ ಇಲ್ಲ", ಅಂದರೆ ಎರಡು ¬ ಮಧ್ಯೆ ∧.

ಕೈ ಪಳಗಿಸಲು ನಾಲ್ಕು

ಉತ್ತರವನ್ನು ಕೈಯಿಂದ ಮುಚ್ಚಿಕೊಂಡು ಮಾಡಿ.

"ಹಾಲ್ ಟಿಕೆಟ್ ಇಲ್ಲದೆ ಪರೀಕ್ಷೆಗೆ ಬಿಡುವುದಿಲ್ಲ." ಸುಳ್ಳಾಗುವುದು ಹಾಲ್ ಟಿಕೆಟ್ ಇಲ್ಲದವನನ್ನು ಬಿಟ್ಟರೆ. ಬ → ಹ. ಹಾಲ್ ಟಿಕೆಟ್ ಇದ್ದೂ ತಡವಾಗಿ ಬಂದವನನ್ನು ಬಿಡದಿದ್ದರೆ ಈ ಮಾತಿಗೆ ಧಕ್ಕೆ ಇಲ್ಲ.

"ಕರೆಂಟ್ ಹೋದರೂ ಮೋಟರ್ ನಿಲ್ಲಲಿಲ್ಲ." ನಡೆದುಹೋದ "ರೂ". ಕ ∧ ¬ನ.

"ರಾಯಚೂರಿಗೋ ಸಿಂಧನೂರಿಗೋ ವರ್ಗ ಆದರೆ ಹೋಗುತ್ತೇನೆ, ಬಳ್ಳಾರಿಗೆ ಆದರೆ ಇಲ್ಲ." ((ರ ∨ ಸ) → ಹ) ∧ (ಬ → ¬ಹ). ಕೊನೆಯ "ಇಲ್ಲ" ಹೋಗುವುದಕ್ಕೆ ಸೇರಿದ್ದು, ವರ್ಗಕ್ಕಲ್ಲ.

"ಹತ್ತಿ ರೇಟು ಏರಿದರೆ ಮಾತ್ರ ಮಾರುತ್ತೇವೆ, ಏರದಿದ್ದರೆ ಮನೆಯಲ್ಲೇ ಇಡುತ್ತೇವೆ." (ಮ → ಏ) ∧ (¬ಏ → ಇ). ಇಲ್ಲಿ ಏ → ಮ ಕೂಡ ಸೇರಿಸಿದ್ದರೆ ಅಳಿಸಿ. ರೇಟು ಏರಿದ ಮೇಲೂ ಇನ್ನಷ್ಟು ಏರಲಿ ಅಂತ ಕಾದು ಕೂತವರು ಈ ವಾಕ್ಯವನ್ನು ಎಲ್ಲೂ ಮುರಿದಿಲ್ಲ.